ಗೋಡೆಯೊಳಗಿನ ತೆಳು ವೈರ್

ಸ್ಪೀಕರಿನ ವೈರ್ ದಪ್ಪಗಿದ್ದಷ್ಟೂ ಹಾಡು ಚೆನ್ನಾಗಿ ಕೇಳುತ್ತದೆ ಎಂದು ಎರಡು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು. ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ನನ್ನದು ಕ್ವಾಲಿಟಿ ಚೆಕಿಂಗ್ ಕೆಲಸ. ದಿನವಿಡೀ ಬೇರೆಯವರ ತಪ್ಪು ಹುಡುಕುವವನಿಗೆ ತನ್ನ ಕಣ್ಣು, ಕಿವಿಗಳ ಮೇಲೆ ಎಂಥ ನಂಬಿಕೆ ಇರುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಹಾಲ್‌ನಲ್ಲಿ ಎರಡು ಸ್ಪೀಕರ್, ಅವಕ್ಕೆ ಹಾಡು ಕಳಿಸುವ ಒಂದು ಆಂಪ್ಲಿಫಯರ್, ಎದುರಿಗೆ ಒಂದು ಸೋಫಾ. ಭಾನುವಾರ ಸಂಜೆ ನಾನೂ ನನ್ನ ಹೆಂಡತಿಯೂ ಅಲ್ಲಿ ಕೂತು ವಚನಗಾಯನ ಕೇಳುವುದು ಮದುವೆಯಾದಾಗಿನಿಂದ ಬಂದ ಅಭ್ಯಾಸ. ಅವಳು ಕುಣಿಗಲ್ಲಿನವಳು, ಚಿಕ್ಕಂದಿನಲ್ಲಿ ಮಠದ ಭಜನೆಯಲ್ಲಿ ಹಾಡುತ್ತಿದ್ದವಳು. ನಾನು ಬಚ್ಚಲುಮನೆಯಲ್ಲಿ ಹಾಡಿದರೂ ಮನೆಯವರು ಬೇಗ ಸ್ನಾನ ಮುಗಿಸು ಎನ್ನುತ್ತಿದ್ದರು.

ದಪ್ಪ ವೈರಿನ ಮಹಿಮೆ ಹೇಳುವ ವಿಡಿಯೋವೊಂದನ್ನು ಮೊಬೈಲ್‌ನಲ್ಲಿ ನೋಡಿದ್ದೇ ತಡ, ಶಿರಾ ಗೇಟ್‌ನ ಎಲೆಕ್ಟ್ರಿಕ್ ಅಂಗಡಿಗೆ ಹೋಗಿ ಕಿರುಬೆರಳ ಗಾತ್ರದ ತಾಮ್ರದ ವೈರ್ ತಂದೆ. ಮನೆ ಕಟ್ಟುವಾಗ ಗೋಡೆಯೊಳಗಿನ ಪೈಪಿನಲ್ಲಿ ತೆಳು ವೈರ್ ಎಳೆದಿದ್ದ ಗುಬ್ಬಿಯ ಎಲೆಕ್ಟ್ರಿಷಿಯನ್ನನ್ನೇ ಕರೆಸಿ, ಅದನ್ನು ಕಿತ್ತು ಇದನ್ನು ಹಾಕು ಎಂದೆ. ಫ್ಯಾಕ್ಟರಿಯಿಂದ ಬರುವಷ್ಟರಲ್ಲಿ ಅವನು ಕೆಲಸ ಮುಗಿಸಿ ಹೋಗಿದ್ದ. ಗೋಡೆಯ ತೂತಿನಿಂದ ದಪ್ಪ ವೈರ್ ಠೀವಿಯಿಂದ ಇಣುಕುತ್ತಿತ್ತು.

ಹಾಡು ಹಾಕಿದೆ. ಆಹಾ! ತಕ್ಷಣ ಅವನಿಗೆ ಫೋನ್ ಮಾಡಿ ಹೊಗಳಿದೆ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಹೆಂಗಿದೆ ನೋಡೇ ಈಗ!" ಎಂದೆ.

ಅವಳು ಒಂದು ಹಾಡು ಪೂರ್ತಿ ಕೇಳಿದಳು. "ಇಲ್ಲ ರೀ. ಮೊದ್ಲು ಹಾಡೋರು ನಡುವೆ, ನಮ್ಮೆದುರಿಗೇ ಕೂತಂಗಿತ್ತು. ಈಗ ಎಲ್ಲಿದಾರೆ ಅಂತಾನೇ ಗೊತ್ತಾಗ್ತಿಲ್ಲ. ದನೀನೂ ಟೊಳ್ಳಾಗಿದೆ."

"ನಿಂಗೆ ಕಿವಿನೇ ಇಲ್ಲ ಬಿಡೇ," ಅಂದುಬಿಟ್ಟೆ. ಅಷ್ಟಕ್ಕೇ ಸುಮ್ಮನಾಗದೆ, ಮನೆಗೆ ಬಂದ ನೆಂಟರ ಮುಂದೆಯೂ ಅದನ್ನೇ ಹೇಳಿ ನಗಿಸಿದೆ. ಅಂದಿನಿಂದ ಅವಳು ಸೋಫಾಕ್ಕೆ ಬರುವುದನ್ನು ನಿಲ್ಲಿಸಿದಳು. ಪ್ರತಿ ಭಾನುವಾರ, "ಸೊಪ್ಪು ಬಿಡಿಸ್ಬೇಕು, ನೀವ್ ಕೇಳಿ," ಎಂದು ಅಡುಗೆಮನೆ ಸೇರುತ್ತಿದ್ದಳು. ಅದು ನೆಪ ಎಂದು ನನಗೂ ಗೊತ್ತಿತ್ತು. ಆದರೂ ಕರೆಯಲಿಲ್ಲ. ನನ್ನ ಜಂಬ ಅಂಥದ್ದು.

ಹೋದ ತಿಂಗಳು ಬಣ್ಣ ಹೊಡೆಸುವುದಕ್ಕೆ ಸ್ಪೀಕರ್ ಸರಿಸುವಾಗ ವೈರನ್ನು ಜೋರಾಗಿ ಎಳೆದೆ. ಗೇಣುದ್ದ ದಪ್ಪ ವೈರ್ ಈಚೆ ಬಂತು. ಅದರ ಹಿಂದೆ ಕಪ್ಪು ಟೇಪು ಸುತ್ತಿದ ಗಂಟು. ಗಂಟಿನಾಚೆ ಅದೇ ಹಳೆಯ ತೆಳು ವೈರ್! ಓಡಿಹೋಗಿ ಇನ್ನೊಂದು ಸ್ಪೀಕರಿನದನ್ನೂ ಎಳೆದೆ. ಅಲ್ಲೂ ಗಂಟು, ಅಲ್ಲೂ ತೆಳು ವೈರ್.

ಫೋನಿನಲ್ಲಿ ನನ್ನ ಕೂಗು ಕೇಳಿ ಎಲೆಕ್ಟ್ರಿಷಿಯನ್ ಗುಬ್ಬಿಯಿಂದ ಬೈಕಿನಲ್ಲಿ ಬಂದ. ಕತ್ತು ಕೆರೆದುಕೊಂಡು ನಿಂತ.

"ಪೈಪಿನ ತಿರುವಲ್ಲಿ ದಪ್ಪಂದು ತೂರ್ಲೇ ಇಲ್ಲ ಸಾರ್. ಗೋಡೆ ಒಡೀಬೇಕಾಗಿತ್ತು. ಸ್ಪೀಕರ್ ತುದೀಗೂ ಆಂಪ್ಲಿಫಯರ್ ತುದೀಗೂ ಒಂದೊಂದು ತುಂಡು ಸೇರ್ಸಿ, ಸಾಯಂಕಾಲ ಹೇಳಣ ಅಂದ್ಕೊಂಡಿದ್ದೆ. ಅಷ್ಟರಲ್ಲಿ ನೀವೇ ಫೋನ್ ಮಾಡಿ ಸೌಂಡ್ ಸೂಪರ್ ಅಂದ್ರಿ. ಹೇಳಕ್ಕೆ ಮನಸ್ಸು ಬರ್ಲಿಲ್ಲ."

"ಇನ್ನೇನೇನು ಮಾಡಿದೀಯೋ, ಎಲ್ಲ ಚೆಕ್ ಮಾಡು," ಎಂದೆ. ಅವನು ರಿಮೋಟಿನ ಸೆಲ್ ತೆಗೆದು, ಆಂಪ್ಲಿಫಯರ್ ಕಡೆಯಿಂದ ಒಂದು ಸ್ಪೀಕರಿನ ವೈರಿಗೆ ತಾಗಿಸಿದ. ಆ ಕಡೆಯ ಸ್ಪೀಕರಿನಲ್ಲಿ ಅದುರಿ ಸದ್ದು ಮಾಡುವ ಪರದೆ ಮುಂದಕ್ಕೆ ಉಬ್ಬಿತು. ಸೆಲ್ಲನ್ನು ಹಾಗೇ ಹಿಡಿದು ಇನ್ನೊಂದಕ್ಕೆ ತಾಗಿಸಿದ. ಅದು ಒಳಕ್ಕೆ ಹೋಯಿತು.

"ಅಯ್ಯೋ! ಒಂದ್ಕಡೆ ಪ್ಲಸ್ಸು ಮೈನಸ್ಸು ಉಲ್ಟಾ ಮಾಡ್ಬಿಟ್ಟಿದೀನಿ ಸಾರ್. ಒಂದು ತಳ್ದಾಗ ಇನ್ನೊಂದು ಎಳೀತದೆ. ಹಿಂಗಾದ್ರೆ ಹಾಡೋರ ದನಿ ನಡುವೆ ನಿಲ್ಲಲ್ಲ, ಟೊಳ್ಳಾಗ್ತದೆ."

ನಾನು ಸೋಫಾದ ಮೇಲೆ ಕುಸಿದೆ. ಗೋಡೆಯೊಳಗೆ ದಪ್ಪ ವೈರ್ ಇರಲೇ ಇಲ್ಲ, ಅದು ಹಾಳಾಗಲಿ. ಮೊದಲು ಸರಿಯಾಗಿದ್ದ ಸದ್ದೂ ಕೆಟ್ಟಿತ್ತು. ಆ ಕೆಟ್ಟ ಸದ್ದನ್ನೇ ನಾನು ಎರಡು ವರ್ಷ ಕಣ್ಣು ಮುಚ್ಚಿ ತಲೆದೂಗಿ ಕೇಳಿದ್ದೆ. ಅವನು ಈಗ ಹೇಳಿದ್ದನ್ನು ಅವಳು ಒಂದೇ ಹಾಡಿಗೆ, ಹೆಚ್ಚುಕಡಿಮೆ ಅದೇ ಮಾತಿನಲ್ಲಿ ಹೇಳಿದ್ದಳು.

ನಮ್ಮ ಹಾಲ್‌ಗೆ ಆ ತೆಳು ವೈರ್ ಧಾರಾಳವಾಗಿ ಸಾಕು ಎಂದು ಹೇಳಿ, ಅವನು ದಪ್ಪ ತುಂಡುಗಳನ್ನು ಕತ್ತರಿಸಿ, ಪ್ಲಸ್ಸು ಮೈನಸ್ಸು ನೋಡಿ ಮೊದಲಿನಂತೆ ಸೇರಿಸಿ ಹೊರಟ. ಅಂದು ಅವಳು ಕೇಳಿದ್ದ ವಚನವನ್ನೇ ಹಾಕಿದೆ. ಗಾಯಕರು ಗೋಡೆಯ ನಡುವಿನಿಂದ ಎದ್ದು ಬಂದು ನನ್ನೆದುರು ಕೂತರು.

ತರಕಾರಿ ತರಲು ಹೋಗಿದ್ದ ಹೆಂಡತಿ ಅದೇ ಹೊತ್ತಿಗೆ ಬಂದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಹೊಸ್ತಿಲಲ್ಲೇ ನಿಂತು, ಚೀಲ ಕೈಯಲ್ಲಿರುವಂತೆಯೇ, "ಅರೆ, ಹಾಡೋರು ವಾಪಸ್ ಬಂದ್ರಲ್ಲ!" ಎಂದಳು.

ಎಲ್ಲವನ್ನೂ ಹೇಳಿದೆ. "ತಪ್ಪಾಯ್ತು ಕಣೇ. ಕಿವಿ ಇಲ್ದೇ ಇದ್ದಿದ್ದು ನಂಗೆ."

"ಇಲ್ದೇ ಇರೋ ವೈರ್‌ನ ನಂಬಿದ್ರಿ. ಪಕ್ಕದಲ್ಲಿ ಕೂತಿದ್ದೋಳ್ನ ನಂಬ್ಲಿಲ್ಲ."

ಅವಳು ಚೀಲ ಕೆಳಗಿಟ್ಟು ಸೋಫಾದ ಹತ್ತಿರ ಬಂದಳು.

"ನಡುವೆ ನೀವೊಬ್ರೇ ಕೂತಿದೀರಿ," ಎಂದಳು. "ಜರುಗಿ."