ಮಣ್ಣು ಮಾರಿದ ದೊಡ್ಡಪ್ಪ

ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಬೆಳಿಗ್ಗೆ ಇಟ್ಟಿಗೆ ರಾಶಿಗೆ ನೀರು ಬಿಟ್ಟರು ನೋಡಿ, ಮೊದಲ ಮಳೆ ಬಿದ್ದ ಹೊಲದ ವಾಸನೆ ಗಮ್ಮೆಂದು ಕಿಟಕಿಯಿಂದ ಒಳಗೆ ಬಂತು. ಚನ್ನರಾಯಪಟ್ಟಣದ ಈ ಬಾಡಿಗೆ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದ ನನಗೆ ದೊಡ್ಡಪ್ಪನ ನೆನಪಾಗಿ ಬಾಯೆಲ್ಲ ಕಹಿಯಾಯಿತು.

ಅವನು ನಮ್ಮಪ್ಪನ ಅಣ್ಣ. ಅರಕಲಗೂಡಿನ ಹತ್ತಿರದ ನಮ್ಮೂರಿನಲ್ಲಿ ಇಸ್ತ್ರಿ ಮುರಿಯದ ಬಿಳಿ ಅಂಗಿ ತೊಟ್ಟು, ಎಲ್ಲ ಬಲ್ಲವನಂತೆ ತಿರುಗುತ್ತಿದ್ದ ಮಹಾನುಭಾವ. ಹೊಲದಲ್ಲಿ ಬೆನ್ನು ಬಗ್ಗಿಸಿದವಳು ದೊಡ್ಡಮ್ಮ. ಪ್ರತಿ ಬೇಸಿಗೆ ಕೆರೆಯ ಗೋಡುಮಣ್ಣು ತಂದು ಹರಡಿ, ರಾಗಿ, ಅವರೆ ಬೆಳೆಯುತ್ತಿದ್ದಳು.

ಒಂದು ವರ್ಷ ಇಟ್ಟಿಗೆ ಗೂಡಿನವರು ಮಣ್ಣು ಕೇಳಿದರು, ಈತ ಹ್ಞೂಂ ಅಂದುಬಿಟ್ಟ. ಜೆಸಿಬಿ ಬಂದು ಮೇಲ್ಮಣ್ಣನ್ನೆಲ್ಲ ಕೆರೆದುಕೊಂಡು ಹೋಯಿತು. ಉಳಿದದ್ದು ಏನೂ ಬೆಳೆಯದ ಗರಸುಕಲ್ಲು, ಅದರಡಿ ಬಂಡೆ. ದೊಡ್ಡಮ್ಮ ಬದುವಿನ ಮೇಲೆ ಕೂತು ಅತ್ತಳು.

ನಾನು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುವವಳು. ಬಂಡೆ ಬಿಸಿಲಿಗೆ ಬಿರಿದು, ಮಳೆಗೆ ನೆನೆದು, ಬೇರು ಹೊಕ್ಕು ಪುಡಿಯಾಗಿ ಮಣ್ಣಾಗುತ್ತದೆ ಎಂದು ಹಿಂದೊಮ್ಮೆ ಅವನ ಜಗಲಿಯಲ್ಲೇ ಹೇಳಿದ್ದೆ. ಜಗಳಕ್ಕೆ ಹೋದಾಗ ಅದನ್ನೇ ನನ್ನ ಮುಖಕ್ಕೆ ಎಸೆದ.

"ನೀನೇ ಯೋಳಿದ್ದಲ್ಲವ್ವ, ಬಂಡೆನೇ ಮಣ್ಣಾಯ್ತದೆ ಅಂತ? ನಾಕು ಮಳೆ ಬೀಳ್ಲಿ, ತಿರ್ಗಾ ಆಯ್ತದೆ ಬುಡು!"

"ಒಂದಂಗುಲ ಆಗೋಕೆ ನೂರಾರು ವರ್ಷ ಬೇಕು, ದೊಡ್ಡಪ್ಪ."

"ಆಗ್ಲಿ, ನಂಗೇನ್ ಅವಸ್ರ?" ಅಂದ. ಥೂ, ಅಂಥ ಬುದ್ಧಿವಂತ!

ನಾಲ್ಕಲ್ಲ, ಎಷ್ಟೋ ಮಳೆ ಬಿದ್ದವು. ಗರಸು ಗರಸಾಗಿಯೇ ಇತ್ತು. ದೊಡ್ಡಮ್ಮ ಮಾತ್ರ ಮಂಕರಿಯಲ್ಲಿ ಗೋಡು ಹೊತ್ತು, ತಿಪ್ಪೆಗೊಬ್ಬರ ಬೆರೆಸಿ, ಒಂದು ಮೂಲೆಯಲ್ಲಿ ನಾಲ್ಕು ಚಾಪೆಯಗಲ ಅವರೆ ಗಿಡ ಎಬ್ಬಿಸಿದಳು. ಅದನ್ನು ತೋರಿಸಿ ಈತ ಮೀಸೆ ತಿರುವಿದ.

"ನೋಡ್ದಾ, ಮಣ್ಣಾಯ್ತು!"

ನಾಚಿಕೆ ಅನ್ನುವುದು ಆ ಮನುಷ್ಯನ ಹತ್ತಿರ ಸುಳಿದಿರಲಿಲ್ಲ...

ಅವನು ಸತ್ತ. ನಮ್ಮಲ್ಲಿ ಸ್ವಂತ ಹೊಲದಲ್ಲೇ ಹೂಳುವ ವಾಡಿಕೆ. ಮೊಣಕಾಲುದ್ದ ಅಗೆಯುವುದರೊಳಗೆ ಹಾರೆ ಖಣ್ಣೆಂದಿತು. ಇನ್ನೊಂದು ಕಡೆ ಅಗೆದರು, ಅಲ್ಲೂ ಬಂಡೆ. ಕೊನೆಗೆ ಆ ತಗ್ಗಿನಲ್ಲೇ ಮಲಗಿಸಿದರು. ಮೇಲೆ ಮುಚ್ಚಲು ಮಣ್ಣು ಸಾಲಲಿಲ್ಲ. ದೊಡ್ಡಮ್ಮ ಎದ್ದಳು. ಮೂಲೆಗೆ ಹೋಗಿ ಹೂ ಬಿಟ್ಟಿದ್ದ ಅವರೆ ಗಿಡಗಳನ್ನು ಒಂದೊಂದಾಗಿ ಕಿತ್ತು ಪಕ್ಕಕ್ಕಿಟ್ಟಳು.

"ಇದ ತಗಳ್ಳಿ," ಅಂದಳು.

ಸತ್ತ ಮೇಲೂ ಅವಳದ್ದನ್ನೇ ಕಿತ್ತುಕೊಂಡ!

ಈಗ ಅವಳೂ ಇಲ್ಲ. ಆ ಮನುಷ್ಯನಿಗಾಗಿ ನನ್ನ ಕಣ್ಣಲ್ಲಿ ಒಂದು ಹನಿ ಬಂದಿಲ್ಲ, ಬರುವುದೂ ಇಲ್ಲ. ಆದರೆ ಇವತ್ತು ಗಾರೆಯವನು ಒದ್ದೆ ಇಟ್ಟಿಗೆಯೊಂದನ್ನು ಎತ್ತಿ ಗೋಡೆಗಿಟ್ಟಾಗ ದೊಡ್ಡಮ್ಮನ ಮಂಕರಿ ನೆನಪಾಯಿತು... ನೋಡಲಾಗದೆ ಕಿಟಕಿ ಹಾಕಿದೆ.