ಬಾಯಲ್ಲಿ ಒಂದು ಗುಟುಕು ನೀರು

ಬೆಳಕು ಇನ್ನೂ ಕಿಟಕಿಯ ಸರಳು ದಾಟಿಲ್ಲ. ಒಂಬತ್ತನೇ ತರಗತಿಯ ಕೋಣೆಯಲ್ಲಿ ಭಾಷಾ ಟೀಚರ್ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಂಚು ಎಳೆಯುತ್ತಿದ್ದಾರೆ. ಸಾಲಾಗಿ ನಿಂತಿದ್ದ ಬೆಂಚುಗಳು ಒಂದೊಂದೇ ತಿರುಗಿ ಮುಖಾಮುಖಿಯಾಗುತ್ತವೆ. ಚಾವಿಗೊಂಚಲು ಹಿಡಿದು ಬಾಗಿಲಲ್ಲಿ ನಿಂತ ಜವಾನನಿಗೆ ಇದು ವಾರವಾರದ ತಮಾಷೆ.

"ಈ ಬೆಂಚುಗಳೇನು ಬೀಗರಾ ಟೀಚರಮ್ಮ, ಎದುರುಬದುರು ಕೂರಿಸ್ತೀರಲ್ಲ?"

"ಬೀಗರೇ ಅಣ್ಣ. ಜಗಳ ಆಡೋರಿಗೆ ಮುಖ ಕಾಣ್ಬೇಡ್ವಾ?"

ಬುಧವಾರದ ಮೊದಲ ಪೀರಿಯಡ್ಡು ಮಕ್ಕಳದು. ಮೂವರಿಗೊಂದು ಪ್ರತಿಯಂತೆ ಹಂಚಿಕೊಂಡು ಅವರು ಒಂದು ವೈಜ್ಞಾನಿಕ ಕಾದಂಬರಿ ಓದುತ್ತಿದ್ದಾರೆ. ತಲೆಮಾರುಗಳಿಂದ ಆಕಾಶದಲ್ಲಿ ಸಾಗುತ್ತಿರುವ ಒಂದು ಹಡಗು. ಅದನ್ನು ನಡೆಸುವ ಯಂತ್ರಕ್ಕೆ ಮಾತ್ರ ಗೊತ್ತು, ಮುಟ್ಟಬೇಕಾದ ನೆಲದಲ್ಲಿ ಉಸಿರಾಡಲು ಗಾಳಿಯೇ ಇಲ್ಲ ಅಂತ. ಅದು ಯಾರಿಗೂ ಹೇಳುವುದಿಲ್ಲ. ಚರ್ಚೆ ನಡೆಸುವುದು ವಾರಕ್ಕೊಬ್ಬ ವಿದ್ಯಾರ್ಥಿ. ಟೀಚರ್ ಜಾಗ ಕಿಟಕಿ ಪಕ್ಕದ ಕೊನೆಯ ಬೆಂಚು. ಗಂಟೆ ಬಾರಿಸಿದ ಕೂಡಲೇ ಬಾಟಲಿಯಿಂದ ಒಂದು ಗುಟುಕು ನೀರು ಬಾಯಿಗೆ ಹಾಕಿಕೊಳ್ಳುತ್ತಾರೆ. ನುಂಗುವುದಿಲ್ಲ. ಕೆನ್ನೆ ಉಬ್ಬಿಸಿಕೊಂಡು ಕೂರುತ್ತಾರೆ, ಪೀರಿಯಡ್ಡು ಮುಗಿಯುವವರೆಗೆ.

ಪಾಠ ಹೇಳಿ ಹೇಳಿ ಕೆಲವು ವರ್ಷಗಳ ಹಿಂದೆ ಅವರ ಗಂಟಲು ಕೆಟ್ಟಿತ್ತು. ಹದಿನೈದು ದಿನ ತುಟಿ ಬಿಚ್ಚಬಾರದೆಂದರು ಡಾಕ್ಟರು. "ನಾನು ಬಾಯಿ ಮುಚ್ಚಿದ್ರೆ ಕ್ಲಾಸು ಸಂತೆ ಆಗುತ್ತೆ ಅಂದ್ಕೊಂಡಿದ್ದೆ. ಸಂತೆ ಆಯ್ತು, ನಿಜ. ಆದ್ರೆ ಸಂತೇಲಿ ವ್ಯಾಪಾರ ನಡೀತಿತ್ತು ನೋಡಿ!" ಎನ್ನುತ್ತಾರೆ ಈಗಲೂ. ಅದುವರೆಗೆ ಅವರ ಮುಖ ನೋಡುತ್ತಿದ್ದ ಮಕ್ಕಳು ಒಬ್ಬರನ್ನೊಬ್ಬರು ಪ್ರಶ್ನೆ ಕೇಳತೊಡಗಿದ್ದರು. ದನಿ ಮರಳಿತು, ಅದರ ಬೆನ್ನಿಗೇ ಹಳೇ ಚಾಳಿಯೂ. ಮಗು ಮಾತು ಮುಗಿಸುವ ಮೊದಲೇ ಉತ್ತರ ಇವರ ನಾಲಿಗೆ ತುದಿಯಲ್ಲಿ. ಅದಕ್ಕೇ ಈ ನೀರು. ಸುದ್ದಿ ಮನೆಗೂ ಮುಟ್ಟಿದೆ. "ಆ ಬಾಟ್ಲಿ ಇಲ್ಲಿಗೂ ತರ್ಬಾರ್ದೇನಮ್ಮ?" ಎಂದು ಅತ್ತೆ ಕಾಲೆಳೆಯುತ್ತಾರೆ.

ಇವತ್ತು ಮಾತ್ರ ಟೀಚರಿಗೆ ನಗು ಬರುತ್ತಿಲ್ಲ. ಗಣಿತದಲ್ಲಿ ಮಕ್ಕಳು ಹಿಂದೆ ಬಿದ್ದಿದ್ದಾರೆ, ಈ ಪೀರಿಯಡ್ಡು ಅದಕ್ಕೆ ಬೇಕು ಎನ್ನುತ್ತಾರೆ ಹೆಡ್‌ಮಾಸ್ತರು. "ಬುಧವಾರ ಬಂದು ಕೂರ್ತೀನಿ. ಚರ್ಚೆಯೋ ಹರಟೆಯೋ, ನೋಡೇ ಬಿಡೋಣ" ಎಂದಿದ್ದಾರೆ. ಸಾಲದ್ದಕ್ಕೆ ಇವತ್ತಿನ ಸರದಿ, ಗೆಳತಿಯರು 'ಪಿಸಪಿಸ' ಎಂದು ಕರೆಯುವ ಹುಡುಗಿಯದು. ಅವಳ ದನಿ ಪಕ್ಕದ ಬೆಂಚಿಗೂ ಮುಟ್ಟುವುದಿಲ್ಲ.

ಗಂಟೆ ಬಾರಿಸುತ್ತದೆ. ಹೆಡ್‌ಮಾಸ್ತರು ಬಂದು ಮಕ್ಕಳ ನಡುವೆಯೇ ಒಂದು ಬೆಂಚಿನಲ್ಲಿ ಕೂರುತ್ತಾರೆ. "ಯಂತ್ರ ಸುಳ್ಳು ಹೇಳಿದ್ದು ತಪ್ಪಾ?" ಎಂದು ಪಿಸಪಿಸ ಹೇಗೋ ಕೇಳಿಬಿಡುತ್ತಾಳೆ. ತಪ್ಪು, ತಪ್ಪಲ್ಲ, ಕೈಗಳು ಏಳುತ್ತವೆ. ಹೆಡ್‌ಮಾಸ್ತರಿಗೆ ತಡೆಯಲಾಗುವುದಿಲ್ಲ. "ನೋಡಿ ಮಕ್ಕಳೇ, ಯಂತ್ರಕ್ಕೆ ಮನಸ್ಸೇ ಇಲ್ಲ ಅಂದ್ಮೇಲೆ..."

"ಸರ್, ಕೈ ಎತ್ತಿ" ಎನ್ನುತ್ತಾನೆ ಪಕ್ಕದ ಹುಡುಗ, ಪಿಸಪಿಸಳ ಕಡೆ ತೋರಿಸಿ, ತೀರಾ ಗಂಭೀರವಾಗಿ. "ನಿಮ್ ಸರದಿ ಇವಳಾದ್ಮೇಲೆ."

ಹೆಡ್‌ಮಾಸ್ತರ ಕೈ ತಾನಾಗಿ ಮೇಲೇಳುತ್ತದೆ. ಅಷ್ಟೇ, ಟೀಚರ್ ಬಾಯಿಂದ ನೀರು ಫುರ್ರನೆ ಚಿಮ್ಮಿ ಮುಂದಿನವನ ಬೆನ್ನೆಲ್ಲ ತೋಯುತ್ತದೆ. "ಮಿಸ್, ಮಳೆ!" ಕೋಣೆ ನಗುವಿನಲ್ಲಿ ಮುಳುಗಿ, ನಿಧಾನಕ್ಕೆ ತಣ್ಣಗಾಗುತ್ತದೆ. ಈಗ ಮಾತು ಮುಂದುವರಿಸಬೇಕಾದವಳು ಪಿಸಪಿಸ. ಅವಳ ತುಟಿ ಅಲುಗುತ್ತದೆ, ದನಿ ಬರುವುದಿಲ್ಲ.

ಹೆಡ್‌ಮಾಸ್ತರು ಟೀಚರ್ ಕಡೆ ನೋಡುತ್ತಾರೆ, ಏನಾದರೂ ಮಾಡಿ ಎಂಬಂತೆ. ಗಡಿಬಿಡಿಯಲ್ಲಿ ಬಿದ್ದ ಬಾಟಲಿ ಎಲ್ಲೋ ಉರುಳಿಹೋಗಿದೆ. ಬಾಯಿ ಖಾಲಿ. ಕೇಳಬೇಕಾದ ಪ್ರಶ್ನೆ ಗಂಟಲಲ್ಲೇ ಕುಳಿತಿದೆ. 'ಯಂತ್ರದ ಜಾಗದಲ್ಲಿ ನೀನಿದ್ದರೆ?' ಅಷ್ಟು ಅಂದರೆ ಸಾಕು, ಚರ್ಚೆ ದಡ ಸೇರುತ್ತದೆ, ಬಹುಶಃ ಪೀರಿಯಡ್ಡೂ ಉಳಿಯುತ್ತದೆ. ಆದರೆ ಆಗ ಚರ್ಚೆ ಅವಳದಾಗಿ ಉಳಿಯುವುದಿಲ್ಲ. ಟೀಚರ್ ಕೆಳತುಟಿ ಕಚ್ಚಿ ಹಿಡಿಯುತ್ತಾರೆ.

"ನಮ್ಮಮ್ಮಂಗೆ ಕಾಯ್ಲೆ ಇದ್ದಾಗ," ಎನ್ನುತ್ತಾಳೆ ಪಿಸಪಿಸ, "ಮನೇಲಿ ಎಲ್ರೂ ನಂಗೆ ಸುಳ್ಳು ಹೇಳಿದ್ರು. ಊರಿಗೆ ಹೋಗಿದಾಳೆ ಅಂತ. ಈಗ ಹುಷಾರಾಗಿದಾಳೆ. ಆದ್ರೂ ನಂಗೆ ಕೋಪ ಹೋಗಿಲ್ಲ. ನಾನೂ ಅದೇ ಹಡಗಲ್ಲಿದ್ದೆ ತಾನೇ?" ಪಿಸುಮಾತೇ. ಆದರೆ ಕೇಳಿಸಿಕೊಳ್ಳಲು ಇಡೀ ತರಗತಿ ಮುಂದೆ ಬಾಗಿದೆ. "ಈಗ ಹೇಳಿ, ಯಂತ್ರ ಮೊದ್ಲು ಯಾರಿಗೆ ಹೇಳ್ಬೇಕಿತ್ತು?"

ಕೈಗಳು ಏಳುತ್ತವೆ. ಹೆಡ್‌ಮಾಸ್ತರದೂ. ಅವರ ಸರದಿ ಬರುವ ಮೊದಲೇ ಗಂಟೆ.

"ನನ್ನದು ಉಳಿದೇಹೋಯ್ತಲ್ಲಮ್ಮ" ಎನ್ನುತ್ತಾರೆ ಅವರು ಬಾಗಿಲಲ್ಲಿ, ಟೀಚರಿಗೆ.

"ಮುಂದಿನ ಬುಧ್ವಾರ ಮೊದ್ಲು ನಿಮ್ದೇ ಸರ್."

ಅವರು ತಲೆ ಕೆರೆದುಕೊಳ್ಳುತ್ತಾರೆ. "ಹಾಗಾದ್ರೆ ಗಣಿತಾನ ಸಂಜೆಗೆ ಹಾಕ್ಬೇಕಾಗುತ್ತೆ."

ಮಕ್ಕಳು ಹೊರಗೆ ಹೋದ ಮೇಲೆ ಬೆಂಚುಗಳು ಮತ್ತೆ ಸಾಲಿಗೆ ಮರಳಬೇಕು. ಜವಾನ ಒಂದು ತುದಿ ಹಿಡಿಯುತ್ತಾನೆ.

"ಪೀರಿಯಡ್ಡು ಉಳೀತಂತೆ?"

"ಉಳೀತು" ಎನ್ನುತ್ತಾರೆ ಟೀಚರ್, ಬೆಂಚಿನಡಿಯಿಂದ ಬಾಟಲಿ ಎತ್ತಿಕೊಳ್ಳುತ್ತ. "ಅದಿರ್ಲಿ ಅಣ್ಣ, ಆ ಹುಡುಗಿ ಮಾತಾಡೋವಾಗ ನನ್ ಬಾಯಲ್ಲಿ ನೀರೇ ಇರ್ಲಿಲ್ಲ."