ಪ್ಯಾರಿಸ್ಸಿಗೆ ಹೊರಟ ಮುದ್ದೆ ಕೋಲು

ನಮ್ಮ ಭಾವನವರು ಯುರೋಪನ್ನು ಒಂದು ದೊಡ್ಡ ಹೈಸ್ಕೂಲು ಅಂದುಕೊಂಡಿದ್ದರು. ದಿನಕ್ಕೆ ಎಂಟು ಪೀರಿಯಡ್ಡು, ಮಧ್ಯೆ ಊಟದ ಬೆಲ್ಲು, ಕೊನೆಗೆ ಹಾಜರಿ. ಮೂವತ್ತು ಚಿಲ್ಲರೆ ವರ್ಷ ಮೇಷ್ಟರಾಗಿದ್ದು ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಮೈಸೂರಿನ ಕೆಸರೆಯ ನಮ್ಮ ಮನೆಯಲ್ಲಿ ಕೆಳಗೆ ಅವರೂ ಅವರ ಹೆಂಡತಿಯೂ, ಮೇಲೆ ಅವರ ತಮ್ಮನಾದ ನನ್ನ ಗಂಡ ಮತ್ತು ನಾನು. ಅಡುಗೆಮನೆ ಒಂದೇ, ಕೆಳಗಡೆ. ನಾನು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವಳು, ಎಂಟೂವರೆಗೆಲ್ಲ ಮನೆ ಬಿಡಬೇಕು. ಹಾಗಾಗಿ ನಾನು ಮದುವೆಯಾಗಿ ಬಂದ ವರ್ಷದಿಂದ ಎಲ್ಲರ ಅಡುಗೆಯೂ ನನ್ನ ಓರಗಿತ್ತಿಯದೇ. ಅವರನ್ನು ನಾನು ಅಕ್ಕ ಅನ್ನುತ್ತೇನೆ.

ಹೋದ ವರ್ಷ ದಸರಾ ಮುಗಿದ ಮೇಲೆ ಒಂದು ಮಧ್ಯಾಹ್ನ ಭಾವ ಕೈ ತೊಳೆದುಕೊಂಡು ಬಂದು, ಟವೆಲ್ಲಿನಲ್ಲಿ ಮೀಸೆ ಒರೆಸಿಕೊಳ್ಳುತ್ತ ಘೋಷಿಸಿದರು. "ಐದು ದೇಶ. ಹನ್ನೆರಡು ದಿನ. ಬರೀ ರೈಲು. ಮೇ ತಿಂಗಳು ಕೊನೇಲಿ ಹೊರಡೋದು ಕಣಮ್ಮ."

ಟೂರ್ ಕಂಪನಿಯವರ ಜೊತೆ ಹೋಗಬಾರದೇ ಅಂದೆ. "ಅಯ್ಯೋ ಬುಡು, ಅವರು ಕುರಿ ಮಂದೆ ತರ ಓಡಿಸ್ತಾರೆ" ಅಂದರು. ನಲವತ್ತೈದು ಮಕ್ಕಳನ್ನು ಸೀಟಿ ಊದಿಕೊಂಡು ನಾಲ್ಕು ದಿನದಲ್ಲಿ ಹದಿನಾಲ್ಕು ಊರು ತೋರಿಸಿ, ಅರ್ಧಕ್ಕರ್ಧ ಮಕ್ಕಳು ಬಸ್ಸಿನ ಕಿಟಕಿಯಲ್ಲಿ ವಾಂತಿ ಮಾಡಿಕೊಂಡು ವಾಪಸ್ಸು ಬರುವಂತೆ ಮಾಡುತ್ತಿದ್ದ ಮಹಾನುಭಾವರ ಮಾತು ಇದು. ನನಗೆ ನಗು ಉಕ್ಕಿ ಬಂತು, ಆದರೆ ತಡೆದುಕೊಂಡೆ. ನನ್ನ ಗಂಡ "ಹೂಂ" ಅಂದರು. ಅಣ್ಣ ಸೂರ್ಯ ಪಡುವಣದಲ್ಲಿ ಹುಟ್ಟುತ್ತಾನೆ ಅಂದರೂ ಅವರು ಹೂಂ ಅನ್ನುವವರೇ.

ಅಕ್ಕ ಮಾತ್ರ ಒಂದು ಕೇಳಿದರು. ತಟ್ಟೆಗಳನ್ನು ಎತ್ತಿಕೊಂಡು ನಿಂತಲ್ಲೇ ಕೇಳಿದರು. "ಅಲ್ಲಿ ರೈಲಲ್ಲಿ ಕಿಟಕಿ ಭಾಳ ದೊಡ್ಡದಿರ್ತದಂತೆ. ನಂಗೆ ಕಿಟಕಿ ಪಕ್ಕದ ಸೀಟೇ ಬೇಕು ಕಣ್ರೀ."

ಅವರು ಏನನ್ನಾದರೂ ಬೇಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲಿರಬೇಕು. ಆ ಶಾಲಾ ಪ್ರವಾಸಗಳಿಗೆಲ್ಲ ಅಕ್ಕನೂ ಹೋಗುತ್ತಿದ್ದರು, ಅಡುಗೆ ಮಾಡಲು. ಏಳು ಸಲ ಹಂಪಿಗೆ ಹೋಗಿದ್ದಾರೆ, ಕಲ್ಲಿನ ರಥ ನೋಡಿಲ್ಲ. ಹಂಪಿ ಅಂದರೆ ಅವರಿಗೆ ನೆನಪಾಗುವುದು ಛತ್ರದ ಹಿತ್ತಿಲು, ಹತ್ತಿಕೊಳ್ಳದ ಹಸಿ ಸೌದೆ, ಮೂವತ್ತು ಸೇರು ಅಕ್ಕಿ. ಬೇಲೂರು, ಜೋಗ, ಎಲ್ಲ ಊರಿನ ಹಿತ್ತಿಲೂ ಅವರಿಗೆ ಗೊತ್ತು. ಕಿಟಕಿ ಪಕ್ಕದ ಸೀಟು ಅವರಿಗೇ ಎಂದು ಭಾವ ಗಂಭೀರವಾಗಿ ಒಪ್ಪಿಕೊಂಡರು.

ಮುಂದಿನ ಭಾನುವಾರ ವೇಳಾಪಟ್ಟಿ ಬಂತು. ದೊಡ್ಡ ಡ್ರಾಯಿಂಗ್ ಹಾಳೆ, ಸ್ಕೇಲಿಟ್ಟು ಎಳೆದ ಕೆಂಪು ಗೆರೆ, ನೀಲಿ ಗೆರೆ. ಸೋಮವಾರ ಎರಡನೇ ಪೀರಿಯಡ್, ಐಫೆಲ್ ಗೋಪುರ. ಮೂರನೇ ಪೀರಿಯಡ್, ವಸ್ತುಸಂಗ್ರಹಾಲಯ, ನಲವತ್ತು ನಿಮಿಷ. ಬುಧವಾರ ಬೆಳಿಗ್ಗೆ ಹಾಲೆಂಡು, ಅದೇ ಸಂಜೆ ಜರ್ಮನಿ. ಗುರುವಾರದ ಒಂದು ಚೌಕದಲ್ಲಿ "ಆಲ್ಪ್ಸ್ (ವೀಕ್ಷಣೆ)" ಎಂದಿತ್ತು. ರೈನ್ ನದಿ ಯಾವ ಕಡೆಗೆ ಹರಿಯುತ್ತದೆ ಗೊತ್ತೇ ಭಾವ ಎಂದು ಕೇಳಿದೆ. "ಕೆಳಕ್ಕೆ" ಅಂದರು. ಇಪ್ಪತ್ತಾರು ವರ್ಷ ಭೂಗೋಳ ಪಾಠ ಮಾಡಿದವಳಿಗೆ ಇಂಥ ಉತ್ತರ ಹೊಸದಲ್ಲ, ಆದರೆ ಇದನ್ನು ಕೊಡುವವರು ಸಾಮಾನ್ಯವಾಗಿ ಕೊನೆಯ ಬೆಂಚಿನಲ್ಲಿರುತ್ತಾರೆ.

ಆಮೇಲೆ ರಾಹುಕಾಲ. ಯಾವ ರೈಲನ್ನೂ ರಾಹುಕಾಲದಲ್ಲಿ ಹತ್ತುವಂತಿಲ್ಲ ಎಂದರು. ಅದು ಸೂರ್ಯೋದಯದ ಲೆಕ್ಕ, ಅಲ್ಲಿ ಮೇ ತಿಂಗಳಲ್ಲಿ ಹಗಲು ಹದಿನಾರು ಗಂಟೆ, ಅದರ ಎಂಟನೇ ಒಂದು ಭಾಗ ಅಂದರೆ ಎರಡು ಗಂಟೆ ರಾಹುಕಾಲ ಎಂದು ತಮಾಷೆಗೆ ಹೇಳಿದೆ. ಭಾವ ನಗಲಿಲ್ಲ, ಬರೆದುಕೊಂಡರು. ಮರುವಾರ ಐದು ದೇಶಕ್ಕೂ ಬೇರೆ ಬೇರೆ ರಾಹುಕಾಲದ ಪಟ್ಟಿ ಮಾಡಿಸಿಕೊಂಡು ಬಂದರು. ಅಗ್ರಹಾರದ ಒಬ್ಬ ಜೋಯಿಸರು, ಮೈಸೂರು ಬಿಟ್ಟು ನಂಜನಗೂಡಿನ ಆಚೆಗೆ ಹೋಗಿದ್ದಾರೋ ಇಲ್ಲವೋ, ಪ್ಯಾರಿಸ್ಸಿನ ರಾಹುವನ್ನು ನಿಮಿಷ ಸಮೇತ ಹಿಡಿದುಕೊಟ್ಟಿದ್ದರು. ಅದರಿಂದಾಗಿ ಒಳ್ಳೆಯ ನೇರ ರೈಲುಗಳೆಲ್ಲ ಕೈಬಿಟ್ಟು, ಎರಡು ಕಡೆ ಇಳಿದು ಹತ್ತುವ ರೈಲುಗಳು ಉಳಿದವು. ಒಂದು ಕಡೆ ಬದಲಾಯಿಸಲು ಒಂಬತ್ತೇ ನಿಮಿಷ. ಎಂಟು ಬ್ಯಾಗು ಇಟ್ಟುಕೊಂಡು ಹೇಗೆ ಅಂದೆ. "ಅರಸೀಕೆರೇಲಿ ನಲವತ್ತೈದು ಹುಡುಗ್ರುನ್ನ ಐದೇ ನಿಮಿಷಕ್ಕೆ ಹತ್ತಿಸಿವ್ನಿ ಕಣಮ್ಮ" ಅಂದರು. ಸೀಟಿ ಇನ್ನೂ ಜೋಪಾನವಾಗಿದೆ, ತಗೊಂಡು ಬರ್ತೀನಿ ಅಂದರು.

ಇದೆಲ್ಲ ಹೋಗಲಿ ಅನ್ನಬಹುದಿತ್ತು. ಮುದ್ದೆಯದ್ದು ಮಾತ್ರ ನನ್ನಿಂದ ಸಹಿಸಲಾಗಲಿಲ್ಲ. ಭಾವನಿಗೆ ರಾತ್ರಿ ಮುದ್ದೆ ಇಲ್ಲದೆ ಊಟವಿಲ್ಲ, ನನ್ನ ಗಂಡನೂ ಅಷ್ಟೇ. ಹಳ್ಳಿ ಬಿಟ್ಟು ನಲವತ್ತು ವರ್ಷವಾದರೂ ಹೊಟ್ಟೆ ಇನ್ನೂ ಹೊಲದ ಬದುವಿನ ಮೇಲೆಯೇ ಕೂತಿದೆ. ಹಾಗಾಗಿ ಹೋಟೆಲ್ ಬೇಡ, ಒಲೆ ಇರುವ ಬಾಡಿಗೆ ಮನೆಗಳೇ ಆಗಬೇಕೆಂದಾಯಿತು. ಪಟ್ಟಣದ ನಡುವೆ, ಸ್ಟೇಷನ್ನಿನ ಎದುರಿಗೇ ಸಿಗುತ್ತಿದ್ದ ಚೊಕ್ಕ ಕೋಣೆಗಳನ್ನೆಲ್ಲ ಬಿಟ್ಟು, ಊರಾಚೆ ಮುಕ್ಕಾಲು ಗಂಟೆ ದೂರದ ಮನೆಗಳನ್ನು ಆರಿಸಿದೆವು. ಪ್ಯಾರಿಸ್ಸಿನ ಮನೆಯ ಒಲೆ ಗಾಜಿನ ಹಲಗೆಯದು. ಅದರ ಮೇಲೆ ಪಾತ್ರೆ ಇಟ್ಟು ಜೋರಾಗಿ ತಿರುವಿದರೆ ಒಡೆಯುವುದೇ ಎಂದು ಮನೆಯೊಡತಿಯನ್ನು ಕೇಳಬೇಕು ಅಂದರು ಭಾವ. ಇಂಗ್ಲಿಷಿನಲ್ಲಿ ಬರೆಯುವ ಕೆಲಸ, ಒಟ್ಟಾರೆ ಬರೆಯುವ ಕೆಲಸವೆಲ್ಲ, ನನ್ನದು. ಹಿಟ್ಟನ್ನು ಕೋಲಿನಿಂದ ಬಲವಾಗಿ ತೊಳಸುವ ಒಂದು ಪದ್ಧತಿ ನಮ್ಮಲ್ಲಿದೆ ಎಂದು ಆ ಹೆಂಗಸಿಗೆ ಬರೆದೆ. ಅವಳು ಪಾಪ, ನೀವು ಶಿಲ್ಪಿಗಳೇ ಎಂದು ಉತ್ತರ ಬರೆದಳು.

ಮುದ್ದೆ ಕೋಲು ಸೂಟ್‌ಕೇಸಿನಲ್ಲಿ ಹಿಡಿಸುವುದಿಲ್ಲ ಎಂದಾಗ ಅದನ್ನು ಆರು ಅಂಗುಲ ಕತ್ತರಿಸುವುದೋ, ದೊಡ್ಡ ಸೂಟ್‌ಕೇಸ್ ಕೊಳ್ಳುವುದೋ ಎಂಬುದರ ಮೇಲೆ ಅಣ್ಣತಮ್ಮಂದಿರು ಒಂದೂವರೆ ಗಂಟೆ ಚರ್ಚೆ ಮಾಡಿದರು. ನಾನು ಪಕ್ಕದಲ್ಲಿ ಕೂತು, ಜಗತ್ತಿನಲ್ಲಿ ಏನೇನು ನೋಡುವುದಿದೆ, ಇವರಿಗೆ ಎಲ್ಲಿ ಹೋದರೂ ತಟ್ಟೆಯೊಳಗೇ ಲೋಕ ಎಂದುಕೊಂಡೆ. ಎಲೆ ಎತ್ತೋ ಗುಂಡ ಅಂದರೆ ಉಂಡೋರೆಷ್ಟು ಜನ ಅಂದನಂತೆ, ಅಂಥ ಜಾತಿ. ನನಗೆ ಊಟದ ಹಟವಿಲ್ಲ. ಬ್ರೆಡ್ಡಾದರೂ ಸೈ, ಬನ್ನಾದರೂ ಸೈ. ಬೆಳಿಗ್ಗೆ ಆರಕ್ಕೆ ಡಿಕಾಕ್ಷನ್ ಕಾಫಿ ಬೀಳದಿದ್ದರೆ ತಲೆ ಸಿಡಿಯುತ್ತದೆ, ಅಷ್ಟೇ. ಅದು ಬೇರೆ, ಅದು ಆರೋಗ್ಯದ ವಿಷಯ.

ಈ ಗಲಾಟೆಯ ನಡುವೆ ಅಕ್ಕ ತಮ್ಮ ಪಾಡಿಗೆ ತಯಾರಾಗುತ್ತಿದ್ದರು. ಬಿಳಿ ಕ್ಯಾನ್ವಾಸ್ ಶೂ ತಂದು, ಸೀರೆ ಮೇಲೆ ಹಾಕಿಕೊಂಡು, ಸಂಜೆ ಕಾಂಪೌಂಡಿನೊಳಗೆ ಸುತ್ತು ಹೊಡೆದು ಕಾಲಿಗೆ ಒಗ್ಗಿಸಿಕೊಳ್ಳುತ್ತಿದ್ದರು. ಒಂದು ದಿನ ನಾನು ಕಾಫಿ ಕುಡಿಯುವಾಗ ಹತ್ತಿರ ಬಂದು, "ಆ ಬೆಟ್ಟದ ಕಡೆ ಹೋಗೋ ರೈಲಲ್ಲಿ ಯಾವ ಪಕ್ಕ ಕೂತ್ರೆ ಚೆಂದ ಕಾಣ್ತದೆ?" ಅಂದರು. ನಕ್ಷೆ ಬಿಡಿಸಿ ತೋರಿಸಿದೆ. ಜ್ಯೂರಿಕ್ ಬಿಟ್ಟ ಮೇಲೆ ಸರೋವರ ಎಡಗಡೆ, ಬಹಳ ದೂರ ರೈಲಿನ ಪಕ್ಕದಲ್ಲೇ ಬರುತ್ತದೆ ಎಂದೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಗುರುತು ಹಾಕುವ ಪೆನ್ಸಿಲ್ಲಿನಿಂದ "ಎಡಗಡೆ" ಎಂದು ಬರೆದುಕೊಂಡರು. ತಿಂಗಳು ತಿರುವಿದಾಗ ಹೊಸ ಹಾಳೆಯಲ್ಲೂ ಅದನ್ನೇ ಬರೆಯುತ್ತಿದ್ದರು.

ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ವೀಸಾ ಅರ್ಜಿ ತುಂಬಲು ಕೂತೆವು. ನಾನು ಬರೆಯುತ್ತಿದ್ದೆ. ಪ್ರಯಾಣದ ಉದ್ದೇಶವೇನು ಎಂಬ ಕಾಲಂ ಬಂತು. ಪ್ರವಾಸ ಎಂದು ಭಾವನದಕ್ಕೆ ಗುರುತು ಹಾಕಿದೆ, ನನ್ನ ಗಂಡನದಕ್ಕೆ ಹಾಕಿದೆ, ನನ್ನದಕ್ಕೆ ಹಾಕಿದೆ. ಅಕ್ಕ ದೋಸೆ ತಂದು ಇಡುತ್ತಿದ್ದರು.

"ಅಕ್ಕ, ನಿಮ್ಮದಕ್ಕೂ ಪ್ರವಾಸ ಅಂತ ಹಾಕ್ತಾ ಇದೀನಿ."

"ನಂದಕ್ಕೆ ಅಡುಗೆ ಅಂತ ಬರಿ ಕಣಮ್ಮ" ಅಂದರು.

ಭಾವ ಜೋರಾಗಿ ನಕ್ಕರು. ಅಕ್ಕ ನಗಲಿಲ್ಲ. "ನಾನು ಬರಲ್ಲ ಕಣ್ರೀ" ಅಂದರು, ಉಪ್ಪು ಮುಗಿದಿದೆ ಅನ್ನುವ ಹಾಗೆ.

ನನಗೆ ಕೋಪ ನೆತ್ತಿಗೇರಿತು. ಐದು ತಿಂಗಳಿಂದ ನುಂಗಿಕೊಂಡಿದ್ದನ್ನೆಲ್ಲ ಭಾವನ ಮುಖಕ್ಕೆ ಹೇಳಿಬಿಟ್ಟೆ. ನಿಮಗೆ ನಾಚಿಕೆಯಾಗಬೇಕು, ಐದು ದೇಶ ಸುತ್ತಿಸಿ ಐದು ಒಲೆ ತೋರಿಸುವುದಕ್ಕೆ ಕರೆದುಕೊಂಡು ಹೋಗುತ್ತೀರಾ, ಏಳು ಸಲ ಹಂಪಿಗೆ ಹೋಗಿ ರಥ ನೋಡದವರು ಅವರು, ನಿಮ್ಮ ಮುದ್ದೆಗೆ ಬೆಂಕಿ ಬೀಳಲಿ ಎಂದೆ. ಹಿರಿಯರ ಮುಂದೆ ಆಡುವ ಮಾತಲ್ಲ ಅದು. ಆದರೂ ನನಗೆ ಒಳಗೊಳಗೇ ಬಹಳ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಅಕ್ಕ ಒಳಗೆ ಹೋಗಿ, ಪ್ರವಾಸದ ತಯಾರಿಗೆಂದು ನಾವು ಇಟ್ಟಿದ್ದ ನೋಟ್‌ಬುಕ್ ತಂದು ನನ್ನ ಮುಂದೆ ತೆರೆದಿಟ್ಟರು. ಯಾರ ಜವಾಬ್ದಾರಿ ಏನು ಎಂದು ಒಬ್ಬೊಬ್ಬರಿಗೆ ಒಂದೊಂದು ಪುಟ. ಭಾವನ ಪುಟದಲ್ಲಿ ವೇಳಾಪಟ್ಟಿ, ಸೀಟಿ, ಕ್ಯಾಮೆರಾ. ನನ್ನ ಗಂಡನ ಪುಟದಲ್ಲಿ ಬ್ಯಾಗು. ನನ್ನದರಲ್ಲಿ ಟಿಕೆಟ್ಟು, ಕಾಗದಪತ್ರ. ಅಕ್ಕನದು ಎರಡು ಮಗ್ಗುಲೂ ತುಂಬಿತ್ತು. ಕುಕ್ಕರ್, ಮುದ್ದೆ ಕೋಲು, ರಾಗಿ ಹಿಟ್ಟು, ಸಾರಿನ ಪುಡಿ, ಬೆಳಿಗ್ಗೆ ತಿಂಡಿ, ರೈಲಿಗೆ ಬುತ್ತಿ, ಸಂಜೆ ಮುದ್ದೆ, ಉಪ್ಸಾರು. ಕೊನೆಯಲ್ಲಿ, ಮೌಲ್ಯಮಾಪನದ ಕೆಂಪು ಪೆನ್ನಿನಲ್ಲಿ, ಕೆಳಗೆ ಗೆರೆ ಎಳೆದು: "ಫಿಲ್ಟರ್, ಕಾಫಿ ಪುಡಿ. ಡಿಕಾಕ್ಷನ್ ಆರಕ್ಕೆ ಮುಂಚೆ."

ಮೊದಲಿಂದ ಕೊನೆಯವರೆಗೂ ನನ್ನದೇ ಕೈಬರಹ. ಭಾವ ಹೇಳಿ ಬರೆಸಿದ್ದು ಕೆಲವಿರಬಹುದು. ಆ ಕೆಂಪು ಸಾಲನ್ನು ಯಾರೂ ಹೇಳಿ ಬರೆಸಿರಲಿಲ್ಲ.

"ಬೈಬೇಡ ಬುಡು ಅವರ್ನ" ಅಂದರು ಅಕ್ಕ. ದನಿಯಲ್ಲಿ ಕೋಪವಿರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. "ನೀವು ಮೂರು ಜನ ಹೋಗ್ಬನ್ನಿ. ನಾನಿಲ್ಲೇ ಇರ್ತೀನಿ."

"ನೀನಿಲ್ದೆ ಎಂಗೆ?" ಅಂದರು ಭಾವ.

"ಅದೇ ಕಣ್ರೀ. ನೀವ್ಯಾರೂ ಇಲ್ದೆ ಎಂಗಿರ್ತದೆ ಅಂತ ನಾನೂ ನೋಡ್ಬೇಕು. ಹನ್ನೆರಡು ದಿನ ಒಲೆ ಹಚ್ಚಲ್ಲ. ಬೆಳಿಗ್ಗೆ ಬಿಸಿಲು ಬರೋಗಂಟ ಏಳಲ್ಲ. ಹಸಿವಾದ್ರೆ ಬಾಳೆಹಣ್ಣು ತಿಂದ್ಕೊಂಡು ಕಿಟಕಿ ಹತ್ರ ಕೂತ್ಕೊಂಡ್ಬುಡ್ತೀನಿ." ಇದನ್ನು ಹೇಳುವಾಗ ಅವರ ಮುಖ ಅರಳಿತ್ತು. ಅಂದು ತಟ್ಟೆ ಹಿಡಿದುಕೊಂಡು ಕಿಟಕಿಯ ಸೀಟು ಕೇಳಿದಾಗ ಇದ್ದ ಮುಖವೇ ಅದು.

ಆಗ ನಾನು ಒಂದು ಮಾತು ಹೇಳಬಹುದಿತ್ತು. ಕುಕ್ಕರ್ ಬೇಡ, ಕೋಲು ಬೇಡ, ಫಿಲ್ಟರೂ ಬೇಡ, ಎಲ್ಲರೂ ಬ್ರೆಡ್ ತಿನ್ನೋಣ, ನೀವು ಎಡಗಡೆ ಕಿಟಕಿಗೆ ಕೂತುಕೊಳ್ಳಿ ಬನ್ನಿ ಅಕ್ಕ, ಎಂದು. ಬ್ರೆಡ್ಡು ಸೈ ಅನ್ನುತ್ತಿದ್ದವಳು ಬೆಳಗಿನ ಕಾಫಿಯನ್ನು ನೆನೆದು ಸುಮ್ಮನಾದೆ. ಅಕ್ಕ ಅಷ್ಟರಲ್ಲಿ ನೋಟ್‌ಬುಕ್ ಮುಚ್ಚಿ ಒಳಗೆ ಹೋಗಿದ್ದರು. ಹಂಚಿನ ಮೇಲೆ ದೋಸೆ ಇತ್ತು.

ಮುಂದಿನ ಎರಡು ವಾರದಲ್ಲಿ ಮೂವರೂ ಒಬ್ಬೊಬ್ಬರಾಗಿ ಜಾರಿಕೊಂಡೆವು. ಭಾವನಿಗೆ ಮಂಡಿ ನೋವು ಬಂತು. ನನ್ನ ಗಂಡನಿಗೆ ರಜೆ ಸಿಗಲಿಲ್ಲ, ಕೇಳಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಮೇ ಕೊನೆಯಲ್ಲಿ ಪೇಪರ್ ತಿದ್ದುವ ಕೆಲಸವಿದೆ ಎಂದು ನೆನಪಾಯಿತು. ಬೇಡ ಅನ್ನಬಹುದಾದ ಕೆಲಸ ಅದು, ಬೇರೆ ವರ್ಷಗಳಲ್ಲಿ ಅಂದಿದ್ದೇನೆ. ಮುಂದಿನ ವರ್ಷ ನೋಡೋಣ ಎಂದು ಭಾವ ಡ್ರಾಯಿಂಗ್ ಹಾಳೆಯನ್ನು ಸುರುಳಿ ಸುತ್ತಿ ಬೀರುವಿನ ಮೇಲಿಟ್ಟರು. ಅಕ್ಕನಿಗೆ ಯುರೋಪನ್ನು ತೋರಿಸಲಿಲ್ಲ, ಹೋಗಲಿ. ಮನೆಯಲ್ಲಿ ಯಾರೂ ಇಲ್ಲದ ಹನ್ನೆರಡು ದಿನ, ಅವರು ಬಾಯಿಬಿಟ್ಟು ಕೇಳಿದ್ದ ಎರಡನೆಯದು, ಅದನ್ನೂ ನಾವು ಕೊಡಲಿಲ್ಲ.

ಏಪ್ರಿಲ್ ಒಂದನೇ ತಾರೀಖು ಬೆಳಿಗ್ಗೆ ಆರಕ್ಕೆ ಕೆಳಗಿಳಿದೆ. ಕ್ಯಾಲೆಂಡರಿನ ಹಾಳೆ ತಿರುವಿಯಾಗಿತ್ತು. ಹಾಲಿನ ಗುರುತು ಒಂದೇ ಇತ್ತು, ಬೇರೇನೂ ಬರೆದಿರಲಿಲ್ಲ. ಕಟ್ಟೆಯ ಮೇಲೆ ನನ್ನ ಲೋಟದಲ್ಲಿ ಕಾಫಿ ಹಬೆಯಾಡುತ್ತಿತ್ತು. ಚೆನ್ನಾಗಿತ್ತು, ಕುಡಿದೆ.